ಸಿಬಿಲ್ ಸರಿ ಮಾಡಿಸಲು ಏಜೆನ್ಸಿಗೆ 7,500 ಕೊಟ್ಟೆ, ಸರಿಯಾಗಿದ್ದು ಮಾತ್ರ ಬಿಟ್ಟಿ ಅರ್ಜಿಯಿಂದ

ಎರಡು ಸೇವೆಗಳ ಬಗ್ಗೆ ಬರೆಯುತ್ತಿದ್ದೇನೆ. ಒಂದು, ದುಡ್ಡು ತಗೊಂಡು ಸಿಬಿಲ್ ಸ್ಕೋರ್ (ನಾವು ಸಾಲ ಹೇಗೆ ಕಟ್ಟಿದ್ದೇವೆ ಅಂತ ಬ್ಯಾಂಕುಗಳು ನೋಡುವ ಅಂಕ) ಸರಿ ಮಾಡಿಸಿಕೊಡುತ್ತೇವೆ ಅನ್ನುವ ಬೆಂಗಳೂರಿನ ಒಂದು ಏಜೆನ್ಸಿ. ಇನ್ನೊಂದು, ನಮ್ಮ ಸಾಲದ ಲೆಕ್ಕ ಇಟ್ಟು ಆ ಅಂಕ ಕೊಡುವ ಕ್ರೆಡಿಟ್ ಬ್ಯೂರೋಗಳೇ ತಮ್ಮ ಸೈಟಿನಲ್ಲಿ ಬಿಟ್ಟಿಯಾಗಿ ಕೊಡುವ ರಿಪೋರ್ಟು ಮತ್ತು ತಪ್ಪು ತಿದ್ದಿಸುವ ಅರ್ಜಿ. ಮೊದಲನೆಯದಕ್ಕೆ ಐದರಲ್ಲಿ ಒಂದು ಸ್ಟಾರ್. ಎರಡನೆಯದಕ್ಕೆ ನಾಲ್ಕು. ಎರಡನ್ನೂ ನಾನೇ ಬಳಸಿ ನೋಡಿದ್ದೇನೆ, ಹನ್ನೊಂದು ತಿಂಗಳು ಇದರ ಹಿಂದೆಯೇ ಓಡಾಡಿದ್ದೇನೆ. ಹಾಗಾಗಿ ಸ್ವಲ್ಪ ಉದ್ದ ಆಗುತ್ತೆ.

ನನ್ನದು ದಾವಣಗೆರೆಯಲ್ಲಿ ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ. ಮೂವತ್ತು ನಲವತ್ತರ ಒಂದು ಸೈಟು ಇದೆ, ಮನೆ ಕಟ್ಟಿಸೋಣ ಅಂತ 2024ರ ಅಕ್ಟೋಬರ್‌ನಲ್ಲಿ ಸಾಲ ಕೇಳಲು ಬ್ಯಾಂಕಿಗೆ ಹೋದೆ. ಮ್ಯಾನೇಜರ್ ಮೇಡಂ ಪಾನ್ ನಂಬರ್ ಹಾಕಿ ನೋಡಿದರು. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

"ಸ್ಕೋರ್ 598 ಇದೆ ನೋಡಿ. ಬೈಕ್ ಸಾಲ ತಗೊಂಡು ಕಟ್ಟಿಲ್ವಾ? ರೈಟ್ ಆಫ್ ಅಂತ ತೋರಿಸ್ತಿದೆ, ಅಂದ್ರೆ ವಸೂಲಾಗಲ್ಲ ಅಂತ ನಷ್ಟಕ್ಕೆ ಬರೆದಿದ್ದಾರೆ, 38 ಸಾವಿರ ಚಿಲ್ಲರೆ."

"ನಾನು ಬೈಕ್ ಸಾಲನೇ ಮಾಡಿಲ್ಲ ಮೇಡಂ. ನನ್ನ ಗಾಡಿ ನಗದು ಕೊಟ್ಟು ತಗೊಂಡಿದ್ದು."

"ಹಾಗಾದ್ರೆ ಮೊದ್ಲು ಅದನ್ನ ಸರಿ ಮಾಡಿಸ್ಕೊಂಡು ಬನ್ನಿ. ಇದು ಇರೋ ತನಕ ನಾನು ಫೈಲ್ ಮುಂದಕ್ಕೆ ಕಳಿಸೋಕಾಗಲ್ಲ."

ಅವರು ಒಳ್ಳೆಯ ರೀತಿಯಲ್ಲೇ ಹೇಳಿದರು. ಆದರೆ ಪಕ್ಕದ ಕುರ್ಚಿಯಲ್ಲಿ ನನ್ನ ಹೆಂಡತಿ ಕೂತಿದ್ದಳು, ಹಿಂದೆ ಸಾಲಿನಲ್ಲಿ ನಾಲ್ಕು ಜನ ನಿಂತಿದ್ದರು. ಹತ್ತೊಂಬತ್ತು ವರ್ಷ ಅಂಗಡಿ ನಡೆಸಿದವನಿಗೆ 'ಕಟ್ಟಿಲ್ವಾ' ಅನ್ನುವ ಮಾತು ಎಲ್ಲಿ ತಾಗುತ್ತೆ ಅಂತ ಅನುಭವಿಸಿದವರಿಗೇ ಗೊತ್ತು.

ಸರಿ ಮಾಡಿಸುವುದು ಹೇಗೆ ಅಂತ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆಗಲೇ ವಾಟ್ಸಾಪಿನಲ್ಲಿ ಒಂದು ಜಾಹೀರಾತು ಬಂತು. '30 ದಿನದಲ್ಲಿ 750 ಸ್ಕೋರ್ ಗ್ಯಾರಂಟಿ, ಸೆಟಲ್‌ಮೆಂಟ್ ರೈಟ್ ಆಫ್ ಎಲ್ಲಾ ತೆಗೆಸಿಕೊಡುತ್ತೇವೆ.' ಫೋನ್ ಮಾಡಿದೆ. ಚೆನ್ನಾಗಿ ಕನ್ನಡದಲ್ಲೇ ಮಾತಾಡಿದರು. ಮುಂಗಡ 7,500, ಕೆಲಸ ಆದ ಮೇಲೆ ಇನ್ನೊಂದು 7,500. ಪಾನ್, ಆಧಾರ್, ಎರಡು ಫೋಟೋ ಕೇಳಿದರು, ಕಳಿಸಿದೆ. ಆಮೇಲೆ "ಸರ್ ಒಂದು ಒಟಿಪಿ ಬರುತ್ತೆ, ಹೇಳಿ" ಅಂದರು. ಹೇಳಿದೆ. ನಾನು ಮಾಡಿದ ದೊಡ್ಡ ತಪ್ಪು ಅದೇ. ಬೇರೆ ಯಾರೂ ಮಾಡಬೇಡಿ.

ಒಂದೂವರೆ ತಿಂಗಳು ಕಳೆಯಿತು. ಕೇಳಿದಾಗಲೆಲ್ಲ "ಪ್ರೋಸೆಸ್‌ನಲ್ಲಿದೆ ಸರ್". ಕೊನೆಗೆ ಡಿಸೆಂಬರ್ ಕೊನೆಯ ವಾರ ನಾನೇ ಬ್ಯೂರೋ ಸೈಟಿಗೆ ಹೋಗಿ ಲಾಗಿನ್ ಆಗಲು ನೋಡಿದೆ. ನನ್ನ ಪಾನ್ ನಂಬರಿಗೆ ಆಗಲೇ ಖಾತೆ ಇದೆ ಅಂತ ಬಂತು. ಪಾಸ್‌ವರ್ಡ್ ಮರೆತಿದ್ದೇನೆ ಅಂತ ಒತ್ತಿದೆ. ಅರ್ಧ ಮುಚ್ಚಿದ ಒಂದು ಇಮೇಲ್ ವಿಳಾಸ ತೋರಿಸಿತು, ಅದು ನನ್ನದಲ್ಲ. ನನ್ನ ಹೆಸರಿನಲ್ಲಿ ತಮ್ಮ ಇಮೇಲ್ ಹಾಕಿ ಖಾತೆ ತೆರೆದಿದ್ದರು. ನನ್ನ ಸಾಲದ ಚರಿತ್ರೆ ಪೂರ್ತಿ ಯಾರದೋ ಇನ್‌ಬಾಕ್ಸಿಗೆ ಹೋಗುತ್ತಿತ್ತು. ಬ್ಯೂರೋದ ಗ್ರಾಹಕ ಸೇವೆಗೆ ಪಾನ್, ಆಧಾರ್ ಪ್ರತಿ ಕಳಿಸಿ, ಇಮೇಲ್ ಬದಲಾಯಿಸಿಕೊಳ್ಳಲು ಒಂದು ವಾರ ಹಿಡಿಯಿತು.

ಒಳಗೆ ಹೋಗಿ ನೋಡಿದರೆ ಏಜೆನ್ಸಿಯವರು ಮಾಡಿದ್ದು ಇಷ್ಟೇ. ನನ್ನ ರಿಪೋರ್ಟಿನಲ್ಲಿ ಕೆಟ್ಟದಾಗಿ ಕಾಣುವ ಮೂರು ಖಾತೆ ಇದ್ದವು. ಮೂರಕ್ಕೂ 'ಇದು ನನ್ನದಲ್ಲ' ಅಂತ ಒಂದೇ ಸಾಲಿನ ತಕರಾರು ಹಾಕಿದ್ದರು. ಆ ಮೂರರಲ್ಲಿ ಎರಡು ನಿಜವಾಗಿಯೂ ನನ್ನವೇ. ಸಾಲ ಕೊಟ್ಟವರು ಸುಮ್ನೆ ಇರುತ್ತಾರಾ, ಮೂರನ್ನೂ ತಿರಸ್ಕರಿಸಿದ್ದರು. ಅದರ ಮೇಲೆ, ಸ್ಕೋರ್ ಏರಿಸಲು ಅಂತ ನನ್ನ ಹೆಸರಿನಲ್ಲಿ ಮೂರು ಕಡೆ ಕ್ರೆಡಿಟ್ ಕಾರ್ಡಿಗೆ ಅರ್ಜಿ ಹಾಕಿದ್ದರು. ಸಾಲಕ್ಕೆ ಅರ್ಜಿ ಹಾಕಿದಾಗಲೆಲ್ಲ ಬ್ಯಾಂಕು ನಮ್ಮ ರಿಪೋರ್ಟು ತೆಗೆಸಿದ್ದು ದಾಖಲಾಗುತ್ತೆ, ಹತ್ತಿರ ಹತ್ತಿರ ಅಂಥವು ಜಾಸ್ತಿ ಆದರೆ ಸ್ಕೋರ್ ಇಳಿಯುತ್ತೆ. ನನ್ನದು 598 ಇದ್ದದ್ದು 587 ಆಗಿತ್ತು. ದುಡ್ಡು ಕೊಟ್ಟು ಇಳಿಸಿಕೊಂಡ ಹಾಗಾಯಿತು. ಮುಂಗಡ ವಾಪಸ್ ಕೇಳಿದೆ, ಇವತ್ತಿನವರೆಗೂ ಬಂದಿಲ್ಲ.

ನನಗೆ ಆಮೇಲೆ ಅರ್ಥವಾದ ಮುಖ್ಯ ವಿಷಯ ಹೇಳುತ್ತೇನೆ. ಬ್ಯೂರೋ ಅಂದರೆ ಒಂದು ಗೋದಾಮು ಇದ್ದ ಹಾಗೆ. ನಮ್ಮ ಕಡೆ ಎಲ್ಲದಕ್ಕೂ ಸಿಬಿಲ್ ಅಂತಲೇ ಹೆಸರು, ಆದರೆ ಇಂಥವು ದೇಶದಲ್ಲಿ ನಾಲ್ಕು ಇವೆ. ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್. 2005ರ ಕ್ರೆಡಿಟ್ ಮಾಹಿತಿ ಕಂಪನಿಗಳ ಕಾಯ್ದೆ ಪ್ರಕಾರ ನಡೆಯುತ್ತವೆ, ಮೇಲೆ ರಿಸರ್ವ್ ಬ್ಯಾಂಕ್ ಇರುತ್ತದೆ. ಬ್ಯಾಂಕು, ಫೈನಾನ್ಸ್ ಕಂಪನಿಗಳು ನಾಲ್ಕೂ ಬ್ಯೂರೋಗೆ ನಮ್ಮ ಸಾಲದ ಲೆಕ್ಕ ಕಳಿಸಲೇಬೇಕು. ಬ್ಯೂರೋದವರು ತಾವಾಗಿಯೇ ಒಂದಕ್ಷರವನ್ನೂ ತಿದ್ದುವ ಹಾಗಿಲ್ಲ, ಸಾಲ ಕೊಟ್ಟವರು ಹೌದು ಅಂದರೆ ಮಾತ್ರ ತಿದ್ದುತ್ತಾರೆ. ಅಂದ ಮೇಲೆ ಏಜೆನ್ಸಿ ಏನು ಮಾಡೋಕಾಗುತ್ತೆ ಹೇಳಿ. ನಾವು ಹಾಕಬಹುದಾದ ಅರ್ಜಿಯನ್ನೇ ಅವರು ಹಾಕುತ್ತಾರೆ, ಅದೂ ನಮ್ಮ ವಿಷಯ ಏನೂ ಗೊತ್ತಿಲ್ಲದೆ. ನಿಜ ಇರುವುದನ್ನು ಅಳಿಸುವ ದಾರಿ ಯಾರ ಹತ್ತಿರವೂ ಇಲ್ಲ. ಕೀಲಿ ಇರುವುದು ಸಾಲ ಕೊಟ್ಟವರ ಕೈಯಲ್ಲಿ.

ಈಗ ಎರಡನೇ ಸೇವೆ. 2017ರಿಂದ ಒಂದು ನಿಯಮ ಇದೆ, ನಾಲ್ಕೂ ಬ್ಯೂರೋದವರು ವರ್ಷಕ್ಕೊಂದು ಪೂರ್ತಿ ರಿಪೋರ್ಟು ಬಿಟ್ಟಿಯಾಗಿ ಕೊಡಬೇಕು. ವರ್ಷ ಅಂದರೆ ಜನವರಿಯಿಂದ ಡಿಸೆಂಬರ್. ನಾನು 2025ರ ಜನವರಿ ಮೊದಲ ವಾರ ಅಂಗಡಿ ಮುಚ್ಚಿದ ಮೇಲೆ ರಾತ್ರಿ ಕೂತು ನಾಲ್ಕನ್ನೂ ತೆಗೆದೆ. ಸೈಟಿಗೆ ಹೋದ ತಕ್ಷಣ ತಿಂಗಳಿಗಿಷ್ಟು, ವರ್ಷಕ್ಕಿಷ್ಟು ಅಂತ ಚಂದಾ ಯೋಜನೆಗಳು ಕಣ್ಣಿಗೆ ಬೀಳುತ್ತವೆ. ಅವು ಬೇಡ. ಬಿಟ್ಟಿ ರಿಪೋರ್ಟಿನ ಲಿಂಕ್ ಅಲ್ಲೇ ಇರುತ್ತೆ, ತಾಳ್ಮೆಯಿಂದ ಹುಡುಕಿ. ನಾವೇ ನಮ್ಮ ರಿಪೋರ್ಟು ನೋಡಿಕೊಂಡರೆ ಸ್ಕೋರ್ ಇಳಿಯುವುದಿಲ್ಲ, ಆ ಭಯ ಬೇಡ.

ಪ್ರಿಂಟ್ ತೆಗೆದು ಟೇಬಲ್ ಮೇಲೆ ಹರಡಿಕೊಂಡೆ. ನನ್ನದೇ ಅಂಗಡಿ, ಪ್ರಿಂಟಿಗೆ ಬರವಿಲ್ಲ. ನಾಲ್ಕೂ ಇಂಗ್ಲಿಷ್‌ನಲ್ಲೇ ಇದ್ದವು, ಇದಕ್ಕೆ ನಾನು ಸ್ಟಾರ್ ಕಡಿಮೆ ಮಾಡಿದ್ದೇನೆ. ಹೆಸರು, ಹುಟ್ಟಿದ ದಿನ, ವಿಳಾಸ, ಫೋನ್ ಒಂದು ಭಾಗ. ಆಮೇಲೆ ಒಂದೊಂದು ಸಾಲಕ್ಕೂ ಒಂದೊಂದು ಪಟ್ಟಿ, ಅದರ ಕೆಳಗೆ ಸಣ್ಣ ಸಣ್ಣ ಚೌಕ. ಒಂದು ಚೌಕ ಅಂದರೆ ಒಂದು ತಿಂಗಳು. ಅದರಲ್ಲಿ ಕಂತು ಎಷ್ಟು ದಿನ ತಡವಾಗಿದೆ ಅನ್ನುವ ಲೆಕ್ಕ ಇರುತ್ತೆ, 36 ತಿಂಗಳವರೆಗೆ. ಮೂರು ಸೊನ್ನೆ ಇದ್ದರೆ ಸರಿಯಾಗಿ ಕಟ್ಟಿದ್ದೀರಿ ಅಂತ. ಮೂರು ಎಕ್ಸ್ ಇದ್ದರೆ ಆ ತಿಂಗಳ ಮಾಹಿತಿ ಬ್ಯೂರೋಗೆ ಬಂದಿಲ್ಲ ಅಂತ, ಅದು ನಿಮ್ಮ ತಪ್ಪಲ್ಲ. ಬೇರೆ ಅಂಕಿ ಇದ್ದರೆ ಅಷ್ಟು ದಿನ ಬಾಕಿ. ಕೊನೆಯ ಭಾಗದಲ್ಲಿ ಯಾರ್ಯಾರು ನಿಮ್ಮ ರಿಪೋರ್ಟು ತೆಗೆಸಿದ್ದಾರೆ ಅಂತ ಇರುತ್ತೆ. ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ, ನೀವು ಯಾರಿಗಾದರೂ ಜಾಮೀನು ಹಾಕಿದ್ದರೆ ಆ ಸಾಲವೂ ನಿಮ್ಮ ರಿಪೋರ್ಟಿನಲ್ಲಿ ಇರುತ್ತೆ. ಮೈಕ್ರೋಫೈನಾನ್ಸ್ ಸಾಲವೂ ಬರುತ್ತೆ. ಭಾವನಿಗೋ ಷಡ್ಡಕನಿಗೋ ಸಹಿ ಹಾಕಿ ಮರೆತವರು ನಮ್ಮಲ್ಲಿ ಎಷ್ಟು ಜನ ಇಲ್ಲ, ದಯವಿಟ್ಟು ಒಂದು ಸಲ ತೆಗೆದು ನೋಡಿ.

ನನ್ನ ಮೂರು ಖಾತೆ ಹೀಗಿದ್ದವು.

ಮೊದಲನೆಯದು ಫ್ರಿಜ್ಜು. 2019ರಲ್ಲಿ ಒಂದು ಫೈನಾನ್ಸ್ ಕಂಪನಿಯಿಂದ ಹತ್ತು ಕಂತಿಗೆ ತಗೊಂಡಿದ್ದು. ಹತ್ತೂ ಕಟ್ಟಿದ್ದೆ. ನಡುವೆ ಒಂದು ತಿಂಗಳು ಖಾತೆಯಲ್ಲಿ ದುಡ್ಡು ಕಡಿಮೆ ಇದ್ದು ಕಂತು ಬೌನ್ಸ್ ಆಗಿತ್ತು, ಎರಡು ದಿನದಲ್ಲಿ ಫ್ರಿಜ್ಜಿನ ಅಂಗಡಿಗೆ ಹೋಗಿ ಕಟ್ಟಿದ್ದೆ. ಆ ಬೌನ್ಸ್ ಚಾರ್ಜು 590 ರೂಪಾಯಿ ಮಾತ್ರ ಹಾಗೇ ಉಳಿದಿತ್ತು. ಐದು ವರ್ಷ ಆ 590 ರೂಪಾಯಿಗೆ ನನ್ನ ಸಾಲ ಮುಗಿದೇ ಇರಲಿಲ್ಲ. ಚೌಕ ಚೌಕದಲ್ಲೂ ಬಾಕಿ.

ಎರಡನೆಯದು ಕ್ರೆಡಿಟ್ ಕಾರ್ಡು. ಇದನ್ನು ಮುಚ್ಚಿಡುವುದಿಲ್ಲ. 2020ರಲ್ಲಿ ಶಾಲೆ ಕಾಲೇಜು ಮುಚ್ಚಿದವು, ಜೆರಾಕ್ಸ್ ಅಂಗಡಿಗೆ ಬರುವವರು ಯಾರು? ಬಾಡಿಗೆ, ಮನೆ ಖರ್ಚು ಎಲ್ಲ ಕಾರ್ಡಿನಲ್ಲಿ ಹೋಯಿತು, 54 ಸಾವಿರ ಆಯಿತು. 2021ರಲ್ಲಿ ವಸೂಲಿಗೆ ಬಂದವರು "32 ಸಾವಿರ ಒಟ್ಟಿಗೆ ಕಟ್ಟಿಬಿಡಿ, ಇಲ್ಲಿಗೆ ಮುಗೀತು" ಅಂದರು. ಹೆಂಡತಿಯ ಬಳೆ ಅಡವಿಟ್ಟು ಕಟ್ಟಿದೆ. ಮುಗೀತು ಅಂತಲೇ ನಾಲ್ಕು ವರ್ಷ ನಂಬಿದ್ದೆ. ರಿಪೋರ್ಟಿನಲ್ಲಿ 'ಸೆಟಲ್ಡ್' ಅಂತ ಬಿದ್ದಿತ್ತು. ಕ್ಲೋಸ್ಡ್ ಬೇರೆ, ಸೆಟಲ್ಡ್ ಬೇರೆ. ಸೆಟಲ್ಡ್ ಅಂದರೆ ಪೂರ್ತಿ ಕಟ್ಟಲಿಲ್ಲ, ಬಂದಷ್ಟು ಸಾಕು ಅಂತ ನಾವು ಬಿಟ್ಟೆವು ಅಂತ ಬ್ಯಾಂಕು ಊರಿಗೆಲ್ಲ ಹೇಳಿದ ಹಾಗೆ. ಆವತ್ತು ಯಾರಾದರೂ ಈ ಒಂದು ಮಾತು ಹೇಳಿದ್ದರೆ ಇನ್ನೂ ಆರು ತಿಂಗಳು ಟೈಮ್ ಕೇಳಿ ಪೂರ್ತಿಯೇ ಕಟ್ಟುತ್ತಿದ್ದೆ.

ಮೂರನೆಯದು ಆ ಬೈಕ್ ಸಾಲ. ಇದೊಂದೇ ನನ್ನದಲ್ಲ. ಕೊಟ್ಟವರು ಫ್ರಿಜ್ಜಿಗೆ ಸಾಲ ಕೊಟ್ಟ ಅದೇ ಫೈನಾನ್ಸ್ ಕಂಪನಿ. ಬಾಕಿ 38,412.

ಜನವರಿ 20ಕ್ಕೆ ಬೈಕ್ ಸಾಲದ ಮೇಲೆ ಮಾತ್ರ ಬ್ಯೂರೋಗೆ ತಕರಾರು ಹಾಕಿದೆ. ರಿಪೋರ್ಟಿನ ತಲೆಯ ಮೇಲೆ ಕಂಟ್ರೋಲ್ ನಂಬರ್ ಇರುತ್ತೆ, ಅದು ಬೇಕು. ಖಾತೆ ಆರಿಸಿ, ನನ್ನದಲ್ಲ ಅಂತ ಒತ್ತಿ, ಕಾಗದ ಅಪ್‌ಲೋಡ್ ಮಾಡಿದರೆ ಒಂದು ತಕರಾರು ನಂಬರ್ ಬರುತ್ತೆ. ಹತ್ತು ನಿಮಿಷದ ಕೆಲಸ, ಒಂದು ರೂಪಾಯಿ ಖರ್ಚಿಲ್ಲ. ಹತ್ತೊಂಬತ್ತನೇ ದಿನಕ್ಕೆ ಉತ್ತರ ಬಂತು. ಸಾಲ ಕೊಟ್ಟ ಸಂಸ್ಥೆಯವರು ಮಾಹಿತಿ ಸರಿ ಇದೆ ಅಂದಿದ್ದಾರೆ, ಬದಲಾವಣೆ ಇಲ್ಲ. ಅಷ್ಟೇ. ಯಾಕೆ, ಏನು ನೋಡಿ ಸರಿ ಅಂದರು, ಒಂದೂ ಇಲ್ಲ. ತಿದ್ದುವುದಿಲ್ಲ ಅಂದರೆ ಕಾರಣ ಹೇಳಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮವೇ ಇದೆ. ಒಂದು ಸ್ಟಾರ್ ಹೋಗಿದ್ದರಲ್ಲಿ ಅರ್ಧ ಇದಕ್ಕೆ.

ಆ ರಾತ್ರಿ ತುಂಬಾ ಯೋಚನೆ ಮಾಡಿದೆ. ತಗೊಂಡ ಸಾಲಕ್ಕೆ ರಸೀದಿ ಇರುತ್ತೆ. ತಗೊಳ್ಳದ ಸಾಲಕ್ಕೆ ನಾನು ಏನು ದಾಖಲೆ ತೋರಿಸಲಿ? ನಮ್ಮ ಅಂಗಡಿಗೆ ಬರುವ ಒಬ್ಬ ವಕೀಲರ ಹತ್ತಿರ ಹೇಳಿಕೊಂಡೆ. ಅವರು ಹೇಳಿದ್ದು ಇಷ್ಟೇ, "ಮಂಜಣ್ಣ, ನೀನು ತಗೊಂಡಿಲ್ಲ ಅಂತ ನೀನು ತೋರಿಸೋದಲ್ಲ. ನೀನು ತಗೊಂಡಿದ್ದೀಯ ಅಂತ ಅವರು ತೋರಿಸಲಿ. ಅರ್ಜಿ ಕೇಳು, ಸಹಿ ಕೇಳು, ಫೋಟೋ ಕೇಳು, ಗಾಡಿ ನಂಬರ್ ಕೇಳು." ಇಡೀ ಹನ್ನೊಂದು ತಿಂಗಳಲ್ಲಿ ನನಗೆ ಸಿಕ್ಕ ಬೆಲೆಬಾಳುವ ಸಲಹೆ ಇದು. ಫೀಸೂ ತಗೊಳ್ಳಲಿಲ್ಲ ಅವರು.

ಫೆಬ್ರವರಿ ಕೊನೆಗೆ ಆ ಫೈನಾನ್ಸ್ ಕಂಪನಿಯ ನಮ್ಮೂರಿನ ಶಾಖೆಗೆ ಹೋದೆ. ಮೊದಲ ಸಲ ಹೋದಾಗ ಹೆಡ್ ಆಫೀಸಿಗೆ ಮೇಲ್ ಮಾಡಿ ಅಂದರು. ಎರಡನೇ ಸಲ ಬೆಳಿಗ್ಗೆ ಹತ್ತಕ್ಕೇ ಹೋಗಿ ಕೂತೆ. ಕೌಂಟರಿನಲ್ಲಿ ಒಬ್ಬ ಹುಡುಗ ಇದ್ದ, ಇಪ್ಪತ್ತೈದು ಇರಬಹುದು. ನನ್ನ ಪಾನ್ ಕಾರ್ಡು, ಆಧಾರ್, ಗಾಡಿಯ ಆರ್‌ಸಿ ಎಲ್ಲ ಮುಂದಿಟ್ಟು, ನಿಧಾನವಾಗಿ ಹೇಳಿದೆ. ಅವನು ಸಾಲದ ನಂಬರ್ ಹೊಡೆದ. ಸ್ಕ್ರೀನ್ ನೋಡಿದ, ನನ್ನ ಮುಖ ನೋಡಿದ, ಮತ್ತೆ ಸ್ಕ್ರೀನ್ ನೋಡಿದ.

"ಅಂಕಲ್, ಇದು ನೀವಲ್ಲ ಬಿಡಿ."

ಫೋಟೋ ನನಗೂ ಒಂದು ಕ್ಷಣ ಕಂಡಿತು. ಚೌಕಳಿ ಅಂಗಿ, ತೆಳ್ಳಗಿನ ಮುಖ, ಹಣೆಯ ಮೇಲೆ ವಿಭೂತಿ. ಗಾಡಿ ನಂಬರು ಕೆಎ 36ರಿಂದ ಶುರು, ಅಂದರೆ ರಾಯಚೂರು. ನಮ್ಮದು ಕೆಎ 17. ಹೆಸರು ಮಂಜುನಾಥ, ನನ್ನ ಹೆಸರೇ. ಹುಟ್ಟಿದ ದಿನ 01-06-1984. ನನ್ನದೂ ಅದೇ.

ಇದು ದೊಡ್ಡ ಆಶ್ಚರ್ಯವೇನೂ ಅಲ್ಲ ಅಂತ ನಮ್ಮ ಕಡೆಯವರಿಗೆ ಗೊತ್ತಾಗುತ್ತೆ. ನಮ್ಮ ಕಾಲದಲ್ಲಿ ಹಳ್ಳಿಯಲ್ಲಿ ಹುಟ್ಟಿದ ದಿನ ಯಾರು ಬರೆದಿಟ್ಟಿದ್ದರು? ಶಾಲೆಗೆ ಸೇರಿಸುವಾಗ ಮೇಷ್ಟ್ರು ಲೆಕ್ಕ ಹಾಕಿ ಜೂನ್ ಒಂದು ಅಂತ ಬರೆಯುತ್ತಿದ್ದರು. ನನ್ನ ಜೊತೆ ಒಂದನೇ ಕ್ಲಾಸಿಗೆ ಸೇರಿದ ಅರ್ಧ ಜನ ಜೂನ್ ಒಂದರವರೇ. ಮಂಜುನಾಥ, ಬಸವರಾಜ, ನಾಗರಾಜ ಅನ್ನುವ ಹೆಸರು ಊರಿಗೆ ಹತ್ತು. ಅಪ್ಪನ ಹೆಸರು, ಊರ ಹೆಸರು ಬರೀ ಇನಿಷಿಯಲ್ ಆಗಿ ಉಳಿದಿರುತ್ತೆ, ಒಂದು ಕಾರ್ಡಿನಲ್ಲಿ ಮುಂದೆ, ಒಂದರಲ್ಲಿ ಹಿಂದೆ, ಇನ್ನೊಂದರಲ್ಲಿ ಇರುವುದೇ ಇಲ್ಲ. ನಮ್ಮ ಹೆಸರುಗಳು ಈ ಕಂಪ್ಯೂಟರಿಗೆ ಹೊಂದುವ ಹೆಸರುಗಳಲ್ಲ.

ಆ ಹುಡುಗನೇ ಬಿಡಿಸಿ ಹೇಳಿದ. ರಾಯಚೂರಿನ ಆ ಮನುಷ್ಯ ಸಾಲ ತಗೊಳ್ಳುವಾಗ ಪಾನ್ ಕೊಟ್ಟಿರಲಿಲ್ಲ, ವೋಟರ್ ಐಡಿ ಮಾತ್ರ. ಕಂಪನಿಯ ಕಂಪ್ಯೂಟರಿನಲ್ಲಿ ಅದೇ ಹೆಸರು, ಅದೇ ಹುಟ್ಟಿದ ದಿನದ ಹಳೇ ಗ್ರಾಹಕ ಒಬ್ಬ ಇದ್ದ, ಅದು ಫ್ರಿಜ್ಜು ತಗೊಂಡ ನಾನು. ಎರಡು ಸಾಲವೂ ಒಂದೇ ಗ್ರಾಹಕ ನಂಬರಿಗೆ ಸೇರಿಕೊಂಡಿವೆ. ನನ್ನ ಪಾನ್ ಅವನ ಸಾಲಕ್ಕೆ ಅಂಟಿಕೊಂಡಿದೆ. ಅದಕ್ಕೇ ಬ್ಯೂರೋ ಕೇಳಿದಾಗಲೆಲ್ಲ ಹೆಡ್ ಆಫೀಸಿನವರು ಪಾನ್ ತಾಳೆ ನೋಡಿ ಸರಿ ಇದೆ ಅಂದಿದ್ದಾರೆ. ತಪ್ಪು ಇದ್ದ ಪುಸ್ತಕವನ್ನೇ ತೆಗೆದು ನೋಡಿ ತಪ್ಪಿಲ್ಲ ಅಂದರೆ ಏನು ಮಾಡೋದು? ಬ್ಯೂರೋಗೆ ನೂರು ಸಲ ತಕರಾರು ಹಾಕಿದ್ದರೂ ಇದೇ ಉತ್ತರ ಬರುತ್ತಿತ್ತು.

ಆ ರಾಯಚೂರಿನ ಮಂಜುನಾಥನ ಮೇಲೆ ನನಗೆ ಸಿಟ್ಟಿಲ್ಲ. ಏನು ಕಷ್ಟ ಬಂದು ಕಂತು ನಿಲ್ಲಿಸಿದನೋ. ಅವನ ರಿಪೋರ್ಟಿನಲ್ಲಿ ನನ್ನ ಫ್ರಿಜ್ಜಿನ 590 ಕೂತಿದೆಯೋ ಏನೋ ಅಂತಲೂ ಅನ್ನಿಸುತ್ತೆ.

ಮಾರ್ಚ್ 3ಕ್ಕೆ ಕಂಪನಿಯಲ್ಲಿ ದೂರು ನೋಡಿಕೊಳ್ಳುವ ನೋಡಲ್ ಅಧಿಕಾರಿಗೆ ದೂರು ಬರೆದೆ. ಇಮೇಲ್ ಮಾಡಿ, ಅದರದೇ ಪ್ರತಿಯನ್ನು ಶಾಖೆಗೆ ಕೊಟ್ಟು ಸೀಲು ಸಹಿ ಹಾಕಿಸಿಕೊಂಡೆ. ನಾಲ್ಕೂ ಬ್ಯೂರೋಗಳಿಗೂ ಅದೇ ದಿನ ಹೊಸ ತಕರಾರು ಹಾಕಿ, ಆ ದೂರಿನ ಪ್ರತಿ ಲಗತ್ತಿಸಿದೆ. ಏನು ಬರೆದೆ ಅಂತ ತುಂಬಾ ಜನ ಕೇಳಿದ್ದಾರೆ. ಕಣ್ಣೀರು, ಕೋಪ ಏನೂ ಇಲ್ಲ. ಸಾಲದ ನಂಬರ್, ರಿಪೋರ್ಟಿನ ಕಂಟ್ರೋಲ್ ನಂಬರ್, ಈ ಸಾಲ ನನ್ನದಲ್ಲ, ನನ್ನದು ಅನ್ನುವುದಾದರೆ ಸಹಿ ಇರುವ ಅರ್ಜಿ, ಫೋಟೋ, ಗುರುತಿನ ದಾಖಲೆ ಮತ್ತು ವಾಹನದ ನೋಂದಣಿ ವಿವರ ತೋರಿಸಿ, ನನ್ನ ಪಾನನ್ನು ಆ ಗ್ರಾಹಕ ನಂಬರಿನಿಂದ ಬೇರೆ ಮಾಡಿ, ನಾಲ್ಕೂ ಬ್ಯೂರೋಗೆ ತಿದ್ದಿದ ಮಾಹಿತಿ ಕಳಿಸಿ. ಕೊನೆಗೆ ನನ್ನ ಬ್ಯಾಂಕ್ ಖಾತೆ ನಂಬರ್. ಅದು ಯಾಕೆ ಅಂದರೆ ಪರಿಹಾರಕ್ಕೆ.

ಈ ಪರಿಹಾರದ ವಿಷಯ ಬಹಳ ಜನರಿಗೆ ಗೊತ್ತಿಲ್ಲ. ರಿಸರ್ವ್ ಬ್ಯಾಂಕ್ 2023ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಆದೇಶ, 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ದೂರು ಕೊಟ್ಟ 30 ದಿನದೊಳಗೆ ಬಗೆಹರಿಸದಿದ್ದರೆ, ಆಮೇಲಿನ ಒಂದೊಂದು ದಿನಕ್ಕೂ ನಮಗೆ 100 ರೂಪಾಯಿ ಕೊಡಬೇಕು. ಸಾಲ ಕೊಟ್ಟವರು 21 ದಿನದೊಳಗೆ ತಿದ್ದಿದ ಮಾಹಿತಿ ಬ್ಯೂರೋಗೆ ಕಳಿಸಬೇಕು, ಕಳಿಸದಿದ್ದರೆ ಅವರು ಕೊಡಬೇಕು. ಅವರು ಕಳಿಸಿದ ಮೇಲೂ ಬ್ಯೂರೋ ತಡ ಮಾಡಿದರೆ ಬ್ಯೂರೋ ಕೊಡಬೇಕು. ದುಡ್ಡು ದೊಡ್ಡದಲ್ಲ. ಆದರೆ ದಿನ ಎಣಿಸುವವರು ಇದ್ದಾರೆ ಅಂತ ಗೊತ್ತಾದರೆ ಫೈಲು ಚಲಿಸುತ್ತೆ. ನಾನು ಅಂಗಡಿ ಕ್ಯಾಲೆಂಡರಿನಲ್ಲಿ ಏಪ್ರಿಲ್ 2ಕ್ಕೆ ಕೆಂಪು ಶಾಯಿಯಲ್ಲಿ ಗುರುತು ಹಾಕಿದ್ದೆ.

ಏಪ್ರಿಲ್ 2 ದಾಟಿತು. 3ನೇ ತಾರೀಕು ಎರಡು ಸಾಲಿನ ಮೇಲ್ ಹಾಕಿದೆ, 30 ದಿನ ಆಗಿದೆ, ಇವತ್ತಿನಿಂದ ಪರಿಹಾರದ ಲೆಕ್ಕ ಶುರು, ಇನ್ನೂ ತಡವಾದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ (ಬ್ಯಾಂಕು, ಫೈನಾನ್ಸ್ ಕಂಪನಿಗಳ ಮೇಲಿನ ದೂರು ವಿಚಾರಿಸುವವರು) ಹೋಗುತ್ತೇನೆ ಅಂತ. ಸುಮ್ನೆ ಹೆದರಿಸಲು ಬರೆದದ್ದಲ್ಲ. ಅವರಿಗೆ ದೂರು ಹಾಕುವ ರಿಸರ್ವ್ ಬ್ಯಾಂಕಿನ ಸಿಎಂಎಸ್ ಪೋರ್ಟಲ್ಲಿನಲ್ಲಿ ಆಗಲೇ ಅರ್ಜಿ ನೋಡಿಟ್ಟುಕೊಂಡಿದ್ದೆ. ಅದಕ್ಕೂ ಫೀಸಿಲ್ಲ. ಮೊದಲು ಸಂಸ್ಥೆಗೆ ಬರೆದು 30 ದಿನ ಕಾದಿರಬೇಕು, ಅಥವಾ ಅವರ ಉತ್ತರ ಒಪ್ಪಿಗೆಯಾಗಿರಬಾರದು, ಅದು ಮುಖ್ಯ ಷರತ್ತು. 2022ರ ಸೆಪ್ಟೆಂಬರ್‌ನಿಂದ ಬ್ಯೂರೋಗಳ ಮೇಲಿನ ದೂರನ್ನೂ ಅಲ್ಲಿ ತಗೊಳ್ಳುತ್ತಾರೆ. 14448ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೂ ಮಾತಾಡುತ್ತಾರೆ, ನಾನು ಮಾತಾಡಿದ್ದೇನೆ, ಸಮಾಧಾನವಾಗಿ ಹೇಳಿಕೊಟ್ಟರು.

ಅಲ್ಲಿಗೆ ಹೋಗುವ ಅಗತ್ಯ ಬೀಳಲಿಲ್ಲ. ಏಪ್ರಿಲ್ 19ಕ್ಕೆ ಮೇಲ್ ಬಂತು, ಆ ಸಾಲವನ್ನು ನಿಮ್ಮ ಹೆಸರಿನಿಂದ ತೆಗೆಯಲಾಗಿದೆ. ಬ್ಯೂರೋದಿಂದ ಮೆಸೇಜು ಬಂದಾಗ ಅಂಗಡಿಯಲ್ಲಿ ಹಾಲ್ ಟಿಕೆಟ್ ಪ್ರಿಂಟಿಗೆ ಹುಡುಗರು ಸಾಲಾಗಿ ನಿಂತಿದ್ದರು, ಕೈಯಲ್ಲಿದ್ದ ಕಾಗದ ಹಾಗೇ ಇಟ್ಟು ಹೆಂಡತಿಗೆ ಫೋನ್ ಮಾಡಿದೆ. ಆಮೇಲಿನ ವಾರ ನನ್ನ ಖಾತೆಗೆ 1,700 ರೂಪಾಯಿ ಬಿತ್ತು. ಹದಿನೇಳು ದಿನದ ಲೆಕ್ಕ ಸರಿಯಾಗಿತ್ತು.

ಫ್ರಿಜ್ಜಿನದ್ದು ಸಲೀಸಾಗಿ ಮುಗಿಯಿತು. 590ಕ್ಕೆ ದಂಡ ಬಡ್ಡಿ ಸೇರಿಸಿ ಎರಡು ಸಾವಿರದ ಮೇಲೆ ತೋರಿಸುತ್ತಿದ್ದರು, ಬರೆದು ಕೇಳಿದ ಮೇಲೆ ಬಡ್ಡಿ ಬಿಟ್ಟರು. 590 ಕಟ್ಟಿ, ನೋ ಡ್ಯೂ ಪತ್ರ, ಅಂದರೆ ಏನೂ ಬಾಕಿ ಇಲ್ಲ ಅನ್ನುವ ಪತ್ರ ತಗೊಂಡೆ. ಸಾಲದ ಕೊನೆಯ ಕಂತು ಕಟ್ಟಿದರೆ ಸಾಲ ಮುಗಿಯಿತು ಅಂತಲ್ಲ, ಆ ಪತ್ರ ಕೈಗೆ ಬಂದರೆ ಮುಗಿದ ಹಾಗೆ. ಈಗ ಅಂಗಡಿಗೆ ಸಾಲದ ಕಾಗದ ಜೆರಾಕ್ಸ್ ಮಾಡಿಸಲು ಬಂದವರಿಗೆಲ್ಲ ಇದನ್ನು ಹೇಳುತ್ತಿದ್ದೇನೆ.

ಕಾರ್ಡಿಗೆ ನಾನು ತಕರಾರು ಹಾಕಲಿಲ್ಲ, ಅದು ಸುಳ್ಳಲ್ಲವಲ್ಲ. ಬ್ಯಾಂಕಿಗೆ ಬರೆದೆ, ಬಿಟ್ಟ 22 ಸಾವಿರ ಈಗ ಕಟ್ಟುತ್ತೇನೆ, ಸೆಟಲ್ಡ್ ತೆಗೆದು ಕ್ಲೋಸ್ಡ್ ಮಾಡುತ್ತೀರಾ ಅಂತ. ಮೊದಲು ಬರಹದಲ್ಲಿ ಒಪ್ಪಿಗೆ ತಗೊಂಡೆ, ಆಮೇಲೆ ಜೂನ್‌ನಲ್ಲಿ ಕಟ್ಟಿದೆ. ಈ ಕ್ರಮ ಮುಖ್ಯ, ಕಟ್ಟಿ ಆಮೇಲೆ ಕೇಳಬೇಡಿ. ಜುಲೈ ರಿಪೋರ್ಟಿನಲ್ಲಿ ಕ್ಲೋಸ್ಡ್ ಅಂತ ಬಂದಿತ್ತು. 2025ರ ಜನವರಿಯಿಂದ ಬ್ಯಾಂಕುಗಳು ಹದಿನೈದು ದಿನಕ್ಕೊಮ್ಮೆ ಮಾಹಿತಿ ಕಳಿಸಬೇಕು ಅಂತ ಆಗಿದ್ದರಿಂದ ಮೊದಲಿನ ಹಾಗೆ ತಿಂಗಳುಗಟ್ಟಲೆ ಕಾಯಬೇಕಾಗಲಿಲ್ಲ. ಆ ಕಾಲದ ತಡದ ಗುರುತುಗಳು ಮಾತ್ರ ಉಳಿದಿವೆ. ಅದಕ್ಕೆ ಔಷಧಿ ಕಾಲ ಒಂದೇ. ಆ ಮೇಲೆ ಒಂದು ಸಣ್ಣ ಕಾರ್ಡು ಇಟ್ಟುಕೊಂಡು, ಅದರಲ್ಲಿ ಪೆಟ್ರೋಲ್ ಮಾತ್ರ ಹಾಕಿಸಿ, ಬಿಲ್ ಬಂದ ದಿನವೇ ಪೂರ್ತಿ ಕಟ್ಟುತ್ತಿದ್ದೇನೆ.

ಸ್ಕೋರ್ ಮೇ ತಿಂಗಳಲ್ಲಿ 689 ಆಯಿತು, ಸೆಪ್ಟೆಂಬರ್‌ಗೆ 741. ಈ ಅಂಕಿ ನನ್ನದು, ಎಲ್ಲರಿಗೂ ಹೀಗೇ ಏರುತ್ತೆ ಅಂತ ಹೇಳುತ್ತಿಲ್ಲ. ನಾಲ್ಕು ಬ್ಯೂರೋದಲ್ಲಿ ನಾಲ್ಕು ಥರ ಇತ್ತು, ಮೂವತ್ತು ನಲವತ್ತು ಅಂಕ ವ್ಯತ್ಯಾಸ. ಅದಕ್ಕೆ ಗಾಬರಿ ಬೇಡ, ಒಬ್ಬೊಬ್ಬರ ಲೆಕ್ಕದ ರೀತಿ ಬೇರೆ. 300ರಿಂದ 900ರ ಒಳಗೆ ನಿಮ್ಮದು ಎಲ್ಲಿದೆ ಅನ್ನುವುದಕ್ಕಿಂತ ಒಳಗಿನ ಪಟ್ಟಿ ಸರಿ ಇದೆಯಾ ಅಂತ ಮೊದಲು ನೋಡಿ.

ಯಾರಿಗೆ ಏನು ಅಂತ ಕೇಳಿದರೆ, ಏಜೆನ್ಸಿ ಯಾರಿಗೂ ಬೇಡ. ಇಂಗ್ಲಿಷ್ ಬರೆಯಲು ಕಷ್ಟ ಆದರೆ ಮನೆಯಲ್ಲಿ ಓದಿದ ಮಕ್ಕಳ ಕೈಯಲ್ಲಿ ಬರೆಸಿ, ಒಟಿಪಿ ಮಾತ್ರ ನಿಮ್ಮ ಫೋನಿನಲ್ಲೇ, ನಿಮ್ಮ ಕಣ್ಣೆದುರಿಗೇ ಇರಲಿ. ಏಜೆನ್ಸಿಗೆ ಕೊಟ್ಟ ಒಂದು ಸ್ಟಾರ್ ಕೂಡ ಸೊನ್ನೆ ಕೊಡಲು ಬರುವುದಿಲ್ಲ ಅಂತ ಕೊಟ್ಟಿದ್ದು. ಬಿಟ್ಟಿ ಸೇವೆಗೆ ನಾಲ್ಕು ಸ್ಟಾರ್ ಯಾಕೆ ಅಂದರೆ, ದಾರಿ ಇದೆ, ಖರ್ಚಿಲ್ಲ, ದಿನದ ಲೆಕ್ಕ ಇದೆ, ತಪ್ಪಿದರೆ ಪರಿಹಾರವೂ ಇದೆ. ಕನ್ನಡದಲ್ಲಿ ರಿಪೋರ್ಟು ಕೊಟ್ಟು, ತಿರಸ್ಕರಿಸುವಾಗ ಕಾರಣ ಬರೆದರೆ ಐದೂ ಕೊಡುತ್ತೇನೆ.

ಸೆಪ್ಟೆಂಬರ್‌ನಲ್ಲಿ ಅದೇ ಬ್ಯಾಂಕಿಗೆ, ಅದೇ ಮ್ಯಾನೇಜರ್ ಮೇಡಂ ಹತ್ತಿರ ಹೋದೆ. ಅವರು ಪಾನ್ ನಂಬರ್ ಹಾಕುತ್ತಿದ್ದ ಹಾಗೆ ಜೇಬಿನಲ್ಲಿ ನನ್ನ ಫೋನ್ ಅಲುಗಿತು. ನಿಮ್ಮ ಕ್ರೆಡಿಟ್ ರಿಪೋರ್ಟು ಈ ಬ್ಯಾಂಕಿನವರು ನೋಡಿದ್ದಾರೆ ಅಂತ ಮೆಸೇಜು. ಈ ಎಚ್ಚರಿಕೆಯೂ 2023ರ ಅಕ್ಟೋಬರ್‌ನಲ್ಲೇ ರಿಸರ್ವ್ ಬ್ಯಾಂಕ್ ಹೊರಡಿಸಿದ ಇನ್ನೊಂದು ಆದೇಶದಿಂದ ಬಂದದ್ದು, ನಿಮ್ಮ ಈಗಿನ ಫೋನ್ ನಂಬರ್ ಬ್ಯೂರೋದಲ್ಲಿ ಇದ್ದರೆ ಮಾತ್ರ ಬರುತ್ತೆ. ಮೇಡಂ ಸ್ಕ್ರೀನ್ ಪೂರ್ತಿ ಕೆಳಗಿನವರೆಗೆ ಓದಿದರು.

"ಆ ಬೈಕ್ ಸಾಲ ಹೋಗಿದೆಯಲ್ಲ," ಅಂದರು. ಹೆಂಡತಿ ನನ್ನ ಕಡೆ ನೋಡಿದಳು. "ಸರಿ, ಇ-ಖಾತಾ, ಈ ವರ್ಷದ ಕಂದಾಯದ ರಸೀದಿ, ಪ್ಲಾನ್ ಅಪ್ರೂವಲ್, ಮೂರು ವರ್ಷದ ಐಟಿ ರಿಟರ್ನ್ಸು. ಸೋಮವಾರ ತಗೊಂಡು ಬನ್ನಿ."